ಬಂಧ ಒಡೆದರೆ ಶಕ್ತಿ ಬರುವುದಿಲ್ಲ

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನನ್ನ ಬಳಿ ರಸಾಯನಶಾಸ್ತ್ರ ಕಲಿಯಲು ಬರುವ ನಮ್ಮ ಕನ್ನಡದ ಮಕ್ಕಳು ಜಾಣರು. ಪರಮಾಣುಗಳನ್ನು ಜೊತೆಗೆ ಹಿಡಿದಿಡುವ ಬಂಧ ಉಪ್ಪಿನಲ್ಲಿ ಯಾವುದು, ನೀರಿನಲ್ಲಿ ಯಾವುದು ಎಂದರೆ ಥಟ್ಟನೆ ಇಲೆಕ್ಟ್ರಾನುಗಳ ಚುಕ್ಕಿಯಿಟ್ಟು ತೋರಿಸುತ್ತಾರೆ. ಆದರೆ ಗ್ಯಾಸ್ ಉರಿದಾಗ ಶಾಖ ಎಲ್ಲಿಂದ ಬಂತು ಎಂದು ಕೇಳಿ ನೋಡಿ. "ಬಂಧ ಒಡೆಯಿತು, ಒಳಗಿದ್ದ ಶಕ್ತಿ ಹೊರಬಂತು" ಎನ್ನುತ್ತಾರೆ. ಪ್ರತಿ ವರ್ಷವೂ ಇದೇ ಉತ್ತರ, ಅದೂ ಒಳ್ಳೆಯ ಅಂಕ ತೆಗೆಯುವವರಿಂದ. ನನಗೆ ತಡೆಯಲಾಗುವುದಿಲ್ಲ.

ಎರಡು ಹೈಡ್ರೋಜನ್ ಪರಮಾಣುಗಳು ದೂರದಲ್ಲಿವೆ ಎನ್ನಿ. ಹತ್ತಿರ ಬಂದಂತೆ ಒಂದರ ನ್ಯೂಕ್ಲಿಯಸ್ ಇನ್ನೊಂದರ ಇಲೆಕ್ಟ್ರಾನನ್ನೂ ಸೆಳೆಯುತ್ತದೆ, ಜೋಡಿಯ ಶಕ್ತಿ ಇಳಿಯುತ್ತ ಹೋಗುತ್ತದೆ. 74 ಪಿಕೋಮೀಟರ್ ಅಂತರದಲ್ಲಿ ಅದು ತೀರಾ ಕೆಳಗಿರುತ್ತದೆ. ಇನ್ನೂ ಒತ್ತಿದರೆ ನ್ಯೂಕ್ಲಿಯಸ್‌ಗಳು ಒಂದನ್ನೊಂದು ದೂಡುತ್ತವೆ. ಇಳಿದ ಶಕ್ತಿ, ಮೋಲ್‌ಗೆ (ಅಣುಗಳನ್ನು ಎಣಿಸಲು ಬಳಸುವ ಒಂದು ನಿಗದಿತ ದೊಡ್ಡ ಸಂಖ್ಯೆ) 436 ಕಿಲೋಜೂಲ್, ಆಗಲೇ ಹೊರಗೆ ಹೋಗಿಯಾಯಿತು. ಅವುಗಳನ್ನು ಬಿಡಿಸಬೇಕಾದರೆ ಅಷ್ಟನ್ನೂ ನಾವೇ ಮರಳಿ ತುಂಬಬೇಕು. ಬಾವಿಗೆ ಬಿದ್ದ ಕೊಡವನ್ನು ಮೇಲೆತ್ತಲು ರಟ್ಟೆ ಸೋಲುತ್ತದೆಯೇ ಹೊರತು ರಟ್ಟೆಗೆ ಬಲ ಬರುವುದಿಲ್ಲ. ಬಂಧ ಒಡೆಯುವುದು ಯಾವಾಗಲೂ ಖರ್ಚು, ಕೂಡುವುದು ಯಾವಾಗಲೂ ಆದಾಯ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ.

ಹೋಟೆಲು ನಡೆಸುವ ಒಬ್ಬ ತಂದೆ ಮಗಳನ್ನು ಕರೆದೊಯ್ಯಲು ಬಂದವರು ಬಾಗಿಲಲ್ಲೇ ನಿಂತು ಪಾಠ ಕೇಳಿಸಿಕೊಂಡು, "ಹಾಗಾದರೆ ನನ್ನ ಕಾವಲಿ ಯಾವುದರಿಂದ ಕಾಯುತ್ತದೆ ಮೇಷ್ಟ್ರೇ?" ಎಂದರು. ಎಂಥ ಒಳ್ಳೆಯ ಪ್ರಶ್ನೆ! ಕೂರಿಸಿ ಲೆಕ್ಕ ತೋರಿಸಿದೆ. ಪೈಪಿನಲ್ಲಿ ಬರುವ ಗ್ಯಾಸ್ ಬಹುಪಾಲು ಮೀಥೇನ್. ಒಂದು ಮೋಲ್ ಮೀಥೇನಿನ ಮತ್ತು ಅದಕ್ಕೆ ಬೇಕಾದ ಎರಡು ಮೋಲ್ ಆಮ್ಲಜನಕದ ಬಂಧಗಳನ್ನೆಲ್ಲ ಬಿಡಿಸಲು ಸುಮಾರು 2650 ಕಿಲೋಜೂಲ್ ಖರ್ಚು. ಅವೇ ಪರಮಾಣುಗಳು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗಿ ಕೂಡಿದಾಗ ಸುಮಾರು 3450 ಬರುತ್ತದೆ. ಕಾವಲಿಗೆ ಸಿಗುವುದು ಮಿಕ್ಕ 800. ಮೊದಲ ಖರ್ಚಿಗೆ ಕೈಗಡ ಬೇಕಲ್ಲ, ಅದಕ್ಕೇ ಲೈಟರಿನ ಕಿಡಿ. ಮುಂದಕ್ಕೆ ಉರಿಯೇ ಅದನ್ನು ಒದಗಿಸಿಕೊಳ್ಳುತ್ತದೆ. "ಅಂದರೆ ಗಾಳಿಗೂ ಇದರಲ್ಲಿ ಪಾಲಿದೆ" ಎಂದರು ಅವರು. ಆಮ್ಲಜನಕದ ಬಂಧ ಅಷ್ಟೇನೂ ಗಟ್ಟಿಯಲ್ಲ, ಹಾಗಾಗಿ ಆ ಪಾಲು ದೊಡ್ಡದೇ.

ಒಂದು ಎಚ್ಚರಿಕೆ. ಇಂಥ ಲೆಕ್ಕಕ್ಕೆ ಬಳಸುವ ಬಂಧಶಕ್ತಿಗಳಲ್ಲಿ ಹೆಚ್ಚಿನವು ಬೇರೆ ಬೇರೆ ಅಣುಗಳಿಂದ ತೆಗೆದ ಸರಾಸರಿ, ಅದೂ ಅನಿಲಸ್ಥಿತಿಗೆ. ದ್ರಾವಣಗಳಿಗೆ ಹಾಗೆಯೇ ಅನ್ವಯಿಸಬೇಡಿ.

ಮಕ್ಕಳು ಪಟ್ಟು ಬಿಡದಿರುವುದಕ್ಕೆ ಕಾರಣ ಜೀವಶಾಸ್ತ್ರದ ಎಟಿಪಿ, ಜೀವಕೋಶಗಳಿಗೆ ಶಕ್ತಿ ಒದಗಿಸುವ ಅಣು. ಅದರ ಫಾಸ್ಫೇಟ್ ಬಂಧ ಒಡೆದು ಶಕ್ತಿ ಬರುತ್ತದೆಂದು ಬಾಯಿಪಾಠ ಮಾಡಿರುತ್ತಾರೆ. ಅಲ್ಲಿಯೂ ಒಡೆಯುವುದಕ್ಕೆ ಖರ್ಚಿದೆ. ನೀರಿನೊಂದಿಗೆ ವರ್ತಿಸಿ ಹುಟ್ಟುವ ಎಡಿಪಿ (ಒಂದು ಫಾಸ್ಫೇಟ್ ಕಳೆದುಕೊಂಡ ಎಟಿಪಿ) ಮತ್ತು ಫಾಸ್ಫೇಟ್ ಹೆಚ್ಚು ಸ್ಥಿರವಾಗಿರುವುದರಿಂದ ಒಟ್ಟು ಲೆಕ್ಕದಲ್ಲಿ ಲಾಭ ಉಳಿಯುತ್ತದೆ, ಪ್ರಮಾಣಿತ ಸ್ಥಿತಿಯಲ್ಲಿ ಮೋಲ್‌ಗೆ ಸುಮಾರು 30 ಕಿಲೋಜೂಲ್. ಪರೀಕ್ಷೆಯಲ್ಲಿ "ಎಟಿಪಿಯ ಜಲವಿಭಜನೆಯಿಂದ ಶಕ್ತಿ ಬಿಡುಗಡೆಯಾಗುತ್ತದೆ" ಎಂದು ಬರೆಯಿರಿ. ಇಡೀ ಕ್ರಿಯೆಯ ಹೆಸರು ಹೇಳಿದರೆ ಜೀವಶಾಸ್ತ್ರದ ಅಂಕವೂ ಬರುತ್ತದೆ, ರಸಾಯನಶಾಸ್ತ್ರಕ್ಕೂ ಅನ್ಯಾಯವಾಗುವುದಿಲ್ಲ.