ಗರ್ಭಕಂಠದ ಬಯಾಪ್ಸಿ

‘ಬಯಾಪ್ಸಿ ಮಾಡಿಸಬೇಕು’ ಎಂದು ವೈದ್ಯರು ಹೇಳಿದರೆ ಸಾಕು, ಕೇಳಿದವರ ಎದೆ ಧಸಕ್ಕೆನ್ನುತ್ತದೆ. ಬಯಾಪ್ಸಿ ಎಂದರೆ ಕ್ಯಾನ್ಸರ್ ಎಂದೇ ಹಲವರು ತಿಳಿದಿದ್ದಾರೆ. ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಮಟ್ಟಿಗೆ ಈ ತಿಳಿವಳಿಕೆ ಬಹುಪಾಲು ತಪ್ಪು. ಇಲ್ಲಿ ಬಯಾಪ್ಸಿ ಹೆಚ್ಚಾಗಿ ಹುಡುಕುವುದು ಇನ್ನೂ ಕ್ಯಾನ್ಸರ್ ಆಗಿರದ, ಹಾಗೇ ಬಿಟ್ಟರೆ ಮುಂದೊಂದು ದಿನ ಆಗಬಹುದಾದ ಬದಲಾವಣೆಗಳನ್ನು.

ಗ್ರೀಕ್ ಭಾಷೆಯ ‘ಬಯೋಸ್’ ಎಂದರೆ ಜೀವ, ‘ಆಪ್ಸಿಸ್’ ಎಂದರೆ ನೋಟ. ಇವೆರಡನ್ನು ಕೂಡಿಸಿ 1879ರಲ್ಲಿ ಈ ಪದವನ್ನು ಬಳಕೆಗೆ ತಂದವರು ಫ್ರಾನ್ಸಿನ ಚರ್ಮವೈದ್ಯ ಅರ್ನೆಸ್ಟ್ ಬೆನಿಯೆ. ಬದುಕಿರುವವರ ದೇಹದಿಂದ ಚೂರು ಅಂಗಾಂಶ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಎಂಬುದು ಇದರ ಅರ್ಥ.

ಪ್ಯಾಪ್ ಸ್ಮಿಯರ್ ಪರೀಕ್ಷೆಯನ್ನೂ ಇದನ್ನೂ ಒಂದೇ ಎಂದುಕೊಳ್ಳುವವರಿದ್ದಾರೆ. ಪ್ಯಾಪ್‌ನಲ್ಲಿ ಮೇಲ್ಮೈಯ ಬಿಡಿ ಜೀವಕೋಶಗಳನ್ನು ಬ್ರಷ್ಷಿನಿಂದ ಸವರಿ ತೆಗೆಯುತ್ತಾರೆ. ಗೋಡೆ ಕೆರೆದಾಗ ಉದುರುವ ಪುಡಿ ನೋಡಿದಂತೆ ಅದು: ಏನೋ ಕೆಟ್ಟಿದೆ ಎಂದು ಗೊತ್ತಾಗುತ್ತದೆ, ಎಷ್ಟು ಆಳಕ್ಕೆ ಕೆಟ್ಟಿದೆ ಎಂದು ಗೊತ್ತಾಗುವುದಿಲ್ಲ. ಬಯಾಪ್ಸಿಯಲ್ಲಿ ಸಿಗುವುದು ಪದರಗಳು ಒಂದರ ಮೇಲೊಂದು ಇದ್ದ ಹಾಗೆಯೇ ಇರುವ ತುಣುಕು. ಇಡೀ ಪರೀಕ್ಷೆಯ ಬೆಲೆ ಇರುವುದು ಈ ಆಳದಲ್ಲೇ.

ತುಣುಕನ್ನು ಎಲ್ಲೆಂದರಲ್ಲಿ ಕತ್ತರಿಸುವುದಿಲ್ಲ. ಮೊದಲು ಕಾಲ್ಪೊಸ್ಕೋಪ್ ಎಂಬ ಭೂತಗನ್ನಡಿಯಂಥ ಉಪಕರಣದಿಂದ ಗರ್ಭಕಂಠವನ್ನು ದೊಡ್ಡದಾಗಿ ಕಾಣುವಂತೆ ಮಾಡಿಕೊಳ್ಳುತ್ತಾರೆ. 1925ರಲ್ಲಿ ಇದನ್ನು ರೂಪಿಸಿದವರು ಜರ್ಮನಿಯ ಹಾನ್ಸ್ ಹಿನ್ಸೆಲ್ಮನ್. ಬಳಿಕ 3ರಿಂದ 5 ಶೇಕಡಾ ಅಸೆಟಿಕ್ ಆಮ್ಲವನ್ನು, ಅಂದರೆ ಹೆಚ್ಚುಕಡಿಮೆ ವಿನೆಗರನ್ನೇ, ಹತ್ತಿಯಲ್ಲಿ ಅದ್ದಿ ಹಚ್ಚುತ್ತಾರೆ. ಒಂದು ನಿಮಿಷದೊಳಗೆ ಅನುಮಾನದ ಜಾಗ ಬೆಳ್ಳಗಾಗುತ್ತದೆ. ಅಯೋಡಿನ್ ಹಚ್ಚಿದರೆ ಆರೋಗ್ಯದ ಭಾಗ ಗಾಢ ಕಂದಾಗುತ್ತದೆ, ಕೆಟ್ಟ ಭಾಗ ಸಾಸಿವೆಯ ಹಳದಿಯಾಗಿಯೇ ಉಳಿಯುತ್ತದೆ. ಕಂದು ಬಣ್ಣ ಹಿಡಿಯಲು ಬೇಕಾದ ಗ್ಲೈಕೋಜನ್ ಅಲ್ಲಿ ಕಡಿಮೆ. ಅಡುಗೆಮನೆಯ ಮಟ್ಟದ ಇಂಥ ರಸಾಯನಶಾಸ್ತ್ರ ಇಷ್ಟು ದೊಡ್ಡ ಕೆಲಸಕ್ಕೆ ಇಂದಿಗೂ ಒದಗುತ್ತಿರುವುದು ನನಗೆ ಯಾವತ್ತೂ ಬೆರಗು.

ಆಮೇಲೆ ಉದ್ದ ಹಿಡಿಯ ಚಿಮುಟದಿಂದ ಕೆಲವೇ ಮಿಲಿಮೀಟರಿನ ಚೂರನ್ನು ಕಚ್ಚಿ ತೆಗೆಯುತ್ತಾರೆ. ಚಿವುಟಿದಂತೆ, ಇಲ್ಲವೇ ಮುಟ್ಟಿನ ನೋವಿನಂತೆ ಅನಿಸಬಹುದು. ರಕ್ತ ನಿಲ್ಲಲು ಹಚ್ಚುವ ಔಷಧದಿಂದಾಗಿ ಕೆಲವು ದಿನ ಕಾಫಿ ಗಸಿಯಂತಹ ಕಪ್ಪು ಸ್ರಾವ ಹೋಗುವುದುಂಟು. ಇದನ್ನು ಮೊದಲೇ ಹೇಳದಿದ್ದರೆ ಮನೆಗೆ ಹೋದವರು ಗಾಬರಿಯಾಗುತ್ತಾರೆ.

ವರದಿಯಲ್ಲಿ ‘ಸಿಐಎನ್’ (ಗರ್ಭಕಂಠದ ಹೊರಪದರದೊಳಗಿನ ಅಸಹಜ ಬೆಳವಣಿಗೆ) ಎಂಬ ಮೂರಕ್ಷರ, ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ. ಹೊರಪದರದ ಕೆಳಗಿನ ಮೂರನೇ ಒಂದು ಭಾಗದಲ್ಲಷ್ಟೇ ಜೀವಕೋಶಗಳು ಕ್ರಮ ತಪ್ಪಿದ್ದರೆ 1. ಮೂರನೇ ಎರಡು ಭಾಗದವರೆಗೆ ತಪ್ಪಿದ್ದರೆ 2. ಅದನ್ನೂ ದಾಟಿದ್ದರೆ 3. ಈ ಅಂಕಿಯನ್ನು ಕ್ಯಾನ್ಸರಿನ ಹಂತವೆಂದು ಓದಿ ಕಂಗಾಲಾಗುವವರು ಬಹಳ. ಸಿಐಎನ್ 3 ಕೂಡ ಕ್ಯಾನ್ಸರ್ ಅಲ್ಲ. ಹೊರಪದರದ ಬುಡದಲ್ಲಿ ಆಧಾರ ಪೊರೆ ಎಂಬ ತೆಳುವಾದ ಗಡಿ ಇದೆ. ಕೆಟ್ಟ ಜೀವಕೋಶಗಳು ಅದನ್ನು ಒಡೆದು ಒಳನುಗ್ಗಿದರೆ ಮಾತ್ರ ಕ್ಯಾನ್ಸರ್.

ಬದಲಾವಣೆಗಳಿಗೆ ಮುಖ್ಯ ಕಾರಣ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ) ವೈರಾಣು. ಸಿಐಎನ್ 1 ಅದರ ಸೋಂಕಿನ ಗುರುತಷ್ಟೇ; ಬಹುತೇಕ ತಾನಾಗಿಯೇ ಮಾಯುತ್ತದೆ, ಆದ್ದರಿಂದ ಕಾದು ನೋಡುತ್ತಾರೆ. 3 ಬಂದರೆ ಸಾಮಾನ್ಯವಾಗಿ ಕಾಯುವುದಿಲ್ಲ: ವಿದ್ಯುತ್ ಹರಿಯುವ ತಂತಿಯ ಕುಣಿಕೆಯಿಂದ ಆ ಭಾಗವನ್ನೇ ಕೆತ್ತಿ ತೆಗೆಯುತ್ತಾರೆ. ಕೆತ್ತಿದ ಆ ತುಂಡೂ ಮತ್ತೆ ಸೂಕ್ಷ್ಮದರ್ಶಕದಡಿಗೇ ಹೋಗುತ್ತದೆ, ಅಂಚಿನಲ್ಲಿ ಏನಾದರೂ ಉಳಿದಿದೆಯೇ ಎಂದು ನೋಡಲು.