ಎಣ್ಣೆ ಇಷ್ಟೊಂದು ಹಚ್ಚಿದರೂ ಕೂದಲು ಯಾಕೆ ಹೊಳೆಯಲ್ಲ?

ಪ್ರಶ್ನೆ: ವಾರಕ್ಕೆ ಎರಡು ಸಲ ರಾತ್ರಿ ತಲೆ ತುಂಬಾ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗ್ತೀನಿ. ಬೆಳಿಗ್ಗೆ ಜಿಡ್ಡು ಹೋಗೋವರೆಗೂ ತೊಳೀತೀನಿ. ಆದರೂ ಕೂದಲು ಒರಟು ಒರಟು. ಪಾರ್ಲರ್‌ನಿಂದ ಬಂದ ದಿನ ಇರುವ ಹೊಳಪು ಮನೆಯಲ್ಲಿ ಯಾಕೆ ಬರಲ್ಲ? ಯಾವ ಎಣ್ಣೆ ಹಚ್ಚಬೇಕು?

ಹೆಸರು ಬೇರೆ, ಊರು ಬೇರೆ, ಪ್ರಶ್ನೆ ಮಾತ್ರ ಇದೇ. ಕೊನೆಯ ‘ಯಾವ ಎಣ್ಣೆ’ ಅನ್ನುವ ಬಾಲವೂ ತಪ್ಪುವುದಿಲ್ಲ. ಹರಳೆಣ್ಣೆಯಾ, ಬಾದಾಮಿ ಎಣ್ಣೆಯಾ, ಈರುಳ್ಳಿ ಎಣ್ಣೆಯಾ? ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ಕೊಟ್ಟು ಸುಮ್ಮನಾಗಬಹುದು.

ಚಿಕ್ಕ ಉತ್ತರ ಇಷ್ಟು. ನೀವು ಹಚ್ಚುತ್ತಿರುವ ಎಣ್ಣೆ ಜಾಸ್ತಿ. ಅದನ್ನು ತೆಗೆಯಲು ಹಾಕುವ ಶಾಂಪೂ ಇನ್ನೂ ಜಾಸ್ತಿ. ಕಂಡೀಷನರ್ ಹಾಕುತ್ತಿಲ್ಲ. ಮನೆಗೆ ಬೋರ್‌ವೆಲ್ ನೀರು ಬರುತ್ತಿದ್ದರೆ ಕೇಳುವುದೇ ಬೇಡ.

ಈಗ ಉದ್ದದ ಉತ್ತರ. ಕೂದಲಿನ ಹೊರಮೈ ಮಂಗಳೂರು ಹೆಂಚಿನ ಮಾಡಿನ ಹಾಗೆ. ಪುಟ್ಟ ಪುಟ್ಟ ಚಿಪ್ಪುಗಳು ಒಂದರ ಮೇಲೊಂದು ಕೂತಿರುತ್ತವೆ, ಬುಡದಿಂದ ತುದಿಯ ಕಡೆಗೆ ಇಳಿಜಾರಾಗಿ. ಅವು ಮಟ್ಟಸವಾಗಿ ಮಲಗಿದ್ದರೆ ಬಿದ್ದ ಬೆಳಕು ಒಂದೇ ದಿಕ್ಕಿಗೆ ವಾಪಸ್ ಬರುತ್ತದೆ. ಅದನ್ನೇ ನಾವು ಹೊಳಪು ಅನ್ನುವುದು. ಅಂಚು ಎದ್ದಿದ್ದರೆ, ಒಡೆದಿದ್ದರೆ ಬೆಳಕು ಚದುರಿಹೋಗುತ್ತದೆ, ಕೂದಲು ಮಂಕಾಗಿ ಕಾಣುತ್ತದೆ. ಗುಂಗುರು ಕೂದಲು ಎಷ್ಟೇ ಚೆನ್ನಾಗಿದ್ದರೂ ನೇರ ಕೂದಲಿನಷ್ಟು ಮಿಂಚುವುದಿಲ್ಲ, ಯಾಕೆಂದರೆ ಪ್ರತಿ ತಿರುವಿನಲ್ಲೂ ಬೆಳಕು ಬೇರೆ ಕಡೆ ಹೋಗುತ್ತದೆ. ಅದಕ್ಕೆ ಔಷಧ ಹುಡುಕಬೇಡಿ.

ಇನ್ನು ಆ ಹಳೆಯ ಮಾತಿಗೆ ಬರೋಣ: ‘ಎಣ್ಣೆ ಕೂದಲಿಗೆ ಆಹಾರ.’

ಅಲ್ಲ. ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವವಿಲ್ಲ. ಕತ್ತರಿಸಿದರೆ ನೋವಾಗುತ್ತಾ? ಇಲ್ಲ ತಾನೆ? ಜೀವ ಇರುವುದು ಚರ್ಮದ ಒಳಗಿನ ಬುಡದಲ್ಲಿ. ಅಲ್ಲಿಗೆ ಆಹಾರ ಹೋಗುವುದು ರಕ್ತದ ಮೂಲಕ. ನೀವು ತಿಂದ ಬೇಳೆ, ಸೊಪ್ಪು, ಮೊಟ್ಟೆಯಿಂದ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಸೊಂಟದವರೆಗೆ ಜಡೆ ಇದ್ದರೆ ಅದರ ತುದಿಗೆ ಐದಾರು ವರ್ಷ ವಯಸ್ಸು. ಅಷ್ಟು ವರ್ಷದ ಬಾಚಣಿಗೆ, ಬಿಸಿಲು, ಬಸ್ಸಿನ ಕಿಟಕಿಯ ಗಾಳಿ ಎಲ್ಲವನ್ನೂ ಅದು ಕಂಡಿದೆ. ಯಾವ ಎಣ್ಣೆ ಕುಡಿಸಿದರೂ ಸವೆದುಹೋದ ಚಿಪ್ಪು ಮತ್ತೆ ಹುಟ್ಟುವುದಿಲ್ಲ.

‘ಎಣ್ಣೆ ಹಚ್ಚಿದ ದಿನ ಹೊಳೆಯುತ್ತಲ್ಲ ಮೇಡಂ?’ ಹೌದು, ಹೊಳೆಯುತ್ತದೆ. ಎದ್ದ ಅಂಚುಗಳ ನಡುವಿನ ಸಂದಿಯನ್ನು ಎಣ್ಣೆ ತುಂಬುತ್ತದೆ, ಹೊರಮೈ ನುಣ್ಣಗಾಗುತ್ತದೆ. ಪಾರ್ಲರ್‌ನವರು ಮಾಡುವುದೂ ಇದನ್ನೇ. ಅವರು ಹಚ್ಚುವ ಸೀರಮ್‌ನಲ್ಲಿ ಸಿಲಿಕೋನ್ ಇರುತ್ತದೆ, ಅದು ಎಣ್ಣೆಗಿಂತ ಹಗುರ, ಜಿಡ್ಡು ಕಾಣುವುದಿಲ್ಲ. ಮೇಲೆ ಡ್ರೈಯರ್ ಹಿಡಿದು ಕೂದಲನ್ನೆಲ್ಲ ಒಂದೇ ದಿಕ್ಕಿಗೆ ಎಳೆಯುತ್ತಾರೆ. ಆ ಹೊಳಪು ಮುಂದಿನ ತಲೆಸ್ನಾನದವರೆಗೆ ಅಷ್ಟೆ. ಅದೇನೂ ಮೋಸವಲ್ಲ. ಆದರೆ ಆರೋಗ್ಯವೂ ಅಲ್ಲ.

ಹಾಗಾದರೆ ಅಜ್ಜಿ ಹೇಳಿದ್ದು ಸುಳ್ಳಾ? ಪೂರ್ತಿ ಸುಳ್ಳಲ್ಲ. ಕೊಬ್ಬರಿ ಎಣ್ಣೆಯ ವಿಷಯದಲ್ಲಿ ಅಜ್ಜಿ ಗೆದ್ದರು. 2003ರಲ್ಲಿ ರೆಲೆ ಮತ್ತು ಮೊಹಿಲೆ ಎಂಬ ಇಬ್ಬರು ಮುಂಬೈನಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲ ಮೂರನ್ನೂ ಹೋಲಿಸಿ ನೋಡಿದರು. ಕೂದಲಿನಿಂದ ಪ್ರೋಟೀನ್ ಸೋರುವುದನ್ನು ಚೆನ್ನಾಗಿ ತಡೆದದ್ದು ಕೊಬ್ಬರಿ ಎಣ್ಣೆ ಒಂದೇ. ಅವರು ಕೆಲಸ ಮಾಡುತ್ತಿದ್ದದ್ದು ಕೊಬ್ಬರಿ ಎಣ್ಣೆ ಮಾರುವ ಕಂಪನಿಯಲ್ಲಿ, ಅದೂ ನಿಮಗೆ ಗೊತ್ತಿರಲಿ. ಆದರೂ ಕಾರಣ ಗಟ್ಟಿಯಾಗಿದೆ. ಕೊಬ್ಬರಿ ಎಣ್ಣೆಯಲ್ಲಿ ಲಾರಿಕ್ ಆಮ್ಲ ಹೆಚ್ಚು. ಅದರ ಅಣು ಚಿಕ್ಕದು, ನೇರವಾದದ್ದು, ಹಾಗಾಗಿ ಕೂದಲಿನ ಒಳಕ್ಕೆ ಇಳಿಯುತ್ತದೆ. ತಲೆಗೆ ನೀರು ಹಾಕಿದಾಗಲೆಲ್ಲ ಕೂದಲು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಉಬ್ಬಿ ಕುಗ್ಗಿ ಚಿಪ್ಪುಗಳು ಸಡಿಲವಾಗುತ್ತವೆ. ಮೊದಲೇ ಒಳಗಿಳಿದ ಎಣ್ಣೆ ಈ ಉಬ್ಬುವಿಕೆಯನ್ನು ಕಡಿಮೆ ಮಾಡುತ್ತದೆ.

ಅಂದರೆ ಎಣ್ಣೆಯಿಂದ ಆಗುವುದು ರಕ್ಷಣೆ. ಅದಕ್ಕೆ ತಲೆಸ್ನಾನಕ್ಕೆ ಕೆಲವು ಗಂಟೆ ಮುಂಚೆ ಒಂದೆರಡು ಚಮಚ ಸಾಕು. ಅದೂ ಕೂದಲಿನ ಉದ್ದಕ್ಕೆ. ನೀವೆಲ್ಲ ಬಟ್ಟಲು ಬಟ್ಟಲು ಬುಡಕ್ಕೆ ಸುರಿಯುತ್ತೀರಿ, ಆಮೇಲೆ ಅದನ್ನು ತೆಗೆಯಲು ಮೂರು ಸಲ ಶಾಂಪೂ ಹಾಕಿ ಗಸಗಸ ಉಜ್ಜುತ್ತೀರಿ. ಎಣ್ಣೆಯಿಂದ ಬಂದ ಲಾಭ ಆ ಉಜ್ಜಾಟದಲ್ಲೇ ಹೋಯಿತು. ತಲೆಹೊಟ್ಟು ಇರುವವರು ಬುಡಕ್ಕೆ ಎಣ್ಣೆ ಹಾಕಲೇಬೇಡಿ. ಹೊಟ್ಟಿಗೆ ಕಾರಣವಾದ ಮಲಸೀಜಿಯಾ ಎಂಬ ಶಿಲೀಂಧ್ರ ಬದುಕುವುದೇ ಜಿಡ್ಡು ತಿಂದು. ‘ತಲೆ ಒಣಗಿದೆ, ಅದಕ್ಕೇ ಹೊಟ್ಟು’ ಎಂದು ಎಣ್ಣೆ ಹಚ್ಚಿದರೆ ನಿಜವಾಗಿ ಆಹಾರ ಸಿಗುವುದು ಅದಕ್ಕೆ!

ಇನ್ನೊಂದು ವಿಷಯವನ್ನು ಯಾರೂ ಯೋಚಿಸುವುದೇ ಇಲ್ಲ. ಅಜ್ಜಿ ಬರೀ ಎಣ್ಣೆ ಹಚ್ಚಿ ಬಿಡುತ್ತಿರಲಿಲ್ಲ. ಸೀಗೆಪುಡಿ, ಚಿಗರೆಪುಡಿ ಹಾಕಿ ಎಣ್ಣೆ ತೆಗೆಯುತ್ತಿದ್ದರು. ಸೀಗೆಯ ನೊರೆ ಶಾಂಪೂವಿನಷ್ಟು ಖಡಕ್ ಅಲ್ಲ, ಸ್ವಲ್ಪ ಹುಳಿ ಗುಣವೂ ಅದಕ್ಕಿದೆ. ಮಲೆನಾಡು, ಕರಾವಳಿಯ ಕಡೆ ದಾಸವಾಳದ ಎಲೆ ಕಿವುಚಿ ಲೋಳೆ ಹಚ್ಚುತ್ತಿದ್ದರು. ನೆನೆಸಿ ರುಬ್ಬಿದ ಮೆಂತ್ಯದ ಕೆಲಸವೂ ಅದೇ. ಲೋಳೆ ಕೂದಲಿನ ಮೇಲೆ ತೆಳುವಾಗಿ ಕೂತು ಜಾರುವಂತೆ ಮಾಡುತ್ತದೆ. ಅಂದರೆ ಎಣ್ಣೆ, ಶಾಂಪೂ, ಕಂಡೀಷನರ್ ಮೂರೂ ಅಜ್ಜಿಯ ಬಚ್ಚಲಲ್ಲಿ ಇತ್ತು. ನಾವು ಎಣ್ಣೆ ಉಳಿಸಿಕೊಂಡೆವು, ಸೀಗೆಯ ಜಾಗಕ್ಕೆ ಶಾಂಪೂ ತಂದೆವು, ಲೋಳೆಯ ಜಾಗವನ್ನು ಖಾಲಿ ಬಿಟ್ಟೆವು.

ಆ ಖಾಲಿ ಜಾಗಕ್ಕೆ ಇರುವುದೇ ಕಂಡೀಷನರ್. ಸವೆದ ಕೂದಲಿನ ಮೇಲೆ ಋಣ ವಿದ್ಯುದಂಶ ಇರುತ್ತದೆ. ಬಾಟಲಿಯ ಹಿಂದೆ ಸೆಟ್ರಿಮೋನಿಯಂ, ಬೆಹೆನ್‌ಟ್ರಿಮೋನಿಯಂ ಎಂದು ಬರೆದಿರುತ್ತದಲ್ಲ, ಅವುಗಳದ್ದು ಧನ ವಿದ್ಯುದಂಶ. ಹಾಗಾಗಿ ಎಲ್ಲಿ ಹೆಚ್ಚು ಸವೆದಿದೆಯೋ ಅಲ್ಲೇ ಹೆಚ್ಚು ಹೋಗಿ ಅಂಟುತ್ತವೆ. ಎಷ್ಟು ಜಾಣ ಪದಾರ್ಥ ನೋಡಿ! ಕಂಡೀಷನರ್ ಹಾಕಿದರೆ ಕೂದಲು ಉದುರುತ್ತದೆ ಅನ್ನುವುದು ಇನ್ನೊಂದು ಪುಕಾರು. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತವೆ. ಸಿಕ್ಕಿನಲ್ಲಿ ಸಿಕ್ಕಿಕೊಂಡಿದ್ದವು ಜಾರಿ ನಿಮ್ಮ ಕೈಗೆ ಬರುತ್ತವೆ, ಅಷ್ಟೆ.

ನೀರಿನ ಬಗ್ಗೆ ಎರಡು ಮಾತು. ಕುಡಿಯುವ ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿರುವ ಸುಣ್ಣದಂಥ ಅಂಶ, ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ ಬ್ಯೂರೊ. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಹಲವು ಕಡೆ ಬಹಳ ಗಡಸು. ಬಕೆಟ್ಟಿನ ಅಂಚಿನಲ್ಲಿ ಬಿಳಿ ಕರೆ ಕಟ್ಟುತ್ತಿದ್ದರೆ ಅದೇ ಸುಣ್ಣದ ಅಂಶ ತಲೆಯ ಮೇಲೂ ಕೂರುತ್ತಿದೆ. ಇಂಥ ನೀರಲ್ಲಿ ಮೈಸೋಪನ್ನು ತಲೆಗೆ ಹಾಕಿದರೆ ಜಿಗುಟು ಪೊರೆ ಕಟ್ಟುತ್ತದೆ. ಹಿಂದಿನವರು ಕೊನೆಗೆ ನಿಂಬೆರಸದ ನೀರು ಹಾಕುತ್ತಿದ್ದದ್ದು ಆ ಪೊರೆ ಬಿಡಿಸಲು. ಒಂದು ದೊಡ್ಡ ಮಗ್ಗು ನೀರಿಗೆ ಅರ್ಧ ನಿಂಬೆ, ಆಮೇಲೆ ಬರೀ ನೀರು. ಗಡಸು ನೀರಿನವರು ಕೆಲವು ವಾರಕ್ಕೊಮ್ಮೆ ಮಾಡಿ, ಉಳಿದವರಿಗೆ ಬೇಕಾಗಿಲ್ಲ. ಇಡಿಟಿಎ (EDTA) ಎಂಬ ರಾಸಾಯನಿಕ ಇರುವ ಶಾಂಪೂ ಕೂಡ ಸುಣ್ಣದ ಅಂಶವನ್ನು ಹಿಡಿದಿಡುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಕೊನೆಯ ಎರಡು ಚೊಂಬು ಅದನ್ನೇ ಹಾಕಿ.

ಮಾಡಬೇಕಾದ್ದು ಇಷ್ಟೇ. ಶಾಂಪೂ ಒಂದೇ ಸಲ, ತಲೆಯ ಚರ್ಮಕ್ಕೆ ಮಾತ್ರ. ತೊಳೆಯುವಾಗ ಇಳಿಯುವ ನೊರೆಯೇ ಉದ್ದದ ಕೂದಲಿಗೆ ಸಾಕು. ಕಂಡೀಷನರ್ ಕಿವಿಯಿಂದ ಕೆಳಗೆ, ಎರಡು ಮೂರು ನಿಮಿಷ. ದಪ್ಪ ಟವೆಲ್ಲಿನಿಂದ ಫಟಫಟ ಬಡಿಯುವುದನ್ನು ದಯವಿಟ್ಟು ಬಿಡಿ. ಒದ್ದೆ ಕೂದಲಿಗೆ ಶಕ್ತಿ ಕಡಿಮೆ. ಹಳೇ ಪಂಚೆಯಲ್ಲೋ ಬೈರಾಸಿನಲ್ಲೋ ಒತ್ತಿ ನೀರು ತೆಗೆಯಿರಿ. ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಇನ್ನೂ ಸ್ವಲ್ಪ ಒದ್ದೆ ಇರುವಾಗ ಎರಡು ಹನಿ ಎಣ್ಣೆ ಅಥವಾ ಸೀರಮ್ ಅಂಗೈಗೆ ಸವರಿಕೊಂಡು ತುದಿಗೆ ಹಚ್ಚಿ.

ಡ್ರೈಯರ್ ಕಂಡರೆ ಹೆದರುವುದೂ ಬೇಡ. 2011ರಲ್ಲಿ ಕೊರಿಯಾದವರು ಒಂದು ಪ್ರಯೋಗ ಮಾಡಿದರು. ಬಿಸಿ ಹೆಚ್ಚಿದಂತೆ ಹೊರಮೈ ಹೆಚ್ಚು ಹಾಳಾಯಿತು ನಿಜ. ಆದರೆ ಕೂದಲಿನ ಒಳಗೆ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪದರ ಹಾಳಾದದ್ದು ತಾನಾಗಿ ಒಣಗಲು ಬಿಟ್ಟ ಕೂದಲಿನಲ್ಲಿ, ಅದು ತುಂಬಾ ಹೊತ್ತು ಒದ್ದೆಯಾಗಿತ್ತು ನೋಡಿ. ಡ್ರೈಯರನ್ನು 15 ಸೆಂಟಿಮೀಟರ್ ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುವುದು ಮೇಲು ಎಂದರು. ಗಾಳಿ ಮೇಲಿಂದ ಕೆಳಗೆ ಬೀಸಲಿ, ಚಿಪ್ಪುಗಳು ಮಲಗುವ ದಿಕ್ಕು ಅದೇ ತಾನೆ.

ಇಷ್ಟು ಓದಿದ ಮೇಲೂ ನಿಮ್ಮಲ್ಲಿ ಕೆಲವರು ‘ಇದೆಲ್ಲ ಯಾರು ಮಾಡ್ತಾರೆ, ಕೆರಾಟಿನ್ ಮಾಡಿಸಿಬಿಡ್ತೀನಿ’ ಎಂದುಕೊಳ್ಳುತ್ತಿದ್ದೀರಿ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೆರಾಟಿನ್ ಅಂದರೆ ಕೂದಲಿನದೇ ಪ್ರೋಟೀನ್. ಪಾರ್ಲರ್‌ನ ಈ ಚಿಕಿತ್ಸೆಗೆ ಅದರ ಹೆಸರಿಟ್ಟಿದ್ದರೂ ಕೂದಲನ್ನು ನೇರ ಮಾಡಿ ಹಿಡಿದಿಡುವುದು ಹೆಚ್ಚಾಗಿ ಬೇರೆ ರಾಸಾಯನಿಕ. ಮೊದಲು ಫಾರ್ಮಾಲ್ಡಿಹೈಡ್ ಇರುತ್ತಿತ್ತು. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದು ಖಚಿತವಾದ ವಿಷಯ. ಆಮೇಲೆ ‘ಫಾರ್ಮಾಲ್ಡಿಹೈಡ್ ಇಲ್ಲ’ ಎಂದು ಬಂದ ಎಷ್ಟೋ ಕ್ರೀಮುಗಳಲ್ಲಿ ಗ್ಲೈಆಕ್ಸಿಲಿಕ್ ಆಮ್ಲ ಇದೆ. ಫ್ರಾನ್ಸಿನ ವೈದ್ಯರು ವರದಿ ಮಾಡಿದಂತೆ, 26 ವರ್ಷದ ಹೆಣ್ಣುಮಗಳೊಬ್ಬಳಿಗೆ 2020, 2021, 2022ರಲ್ಲಿ ಮೂರು ಸಲ ಇಂಥ ಚಿಕಿತ್ಸೆ ಆಯಿತು. ಮೂರೂ ಸಲ ಮೂತ್ರಪಿಂಡಕ್ಕೆ ಪೆಟ್ಟು ಬಿತ್ತು. ಕ್ರೀಮಿನಲ್ಲಿ ಶೇಕಡಾ 10ರಷ್ಟು ಈ ಆಮ್ಲ ಇತ್ತು. ಅದೇ ಕ್ರೀಮನ್ನು ವೈದ್ಯರು ಇಲಿಗಳ ಮೇಲೆ ಹಚ್ಚಿ ನೋಡಿದಾಗ ಅವುಗಳ ಮೂತ್ರಪಿಂಡದಲ್ಲಿ ಆಕ್ಸಲೇಟ್ ಎಂಬ ಲವಣದ ಹರಳು ಕಂಡವು. 2024ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಮಾಡಿಸುವುದಾದರೆ ಕುರ್ಚಿಯಲ್ಲಿ ಕೂರುವ ಮೊದಲು ಡಬ್ಬಿ ಕೇಳಿ, ಹಿಂದಿನ ಪಟ್ಟಿ ಓದಿ. ಫಾರ್ಮಾಲ್ಡಿಹೈಡ್, ಗ್ಲೈಆಕ್ಸಿಲಿಕ್ ಆಮ್ಲ ಈ ಎರಡು ಹೆಸರಲ್ಲಿ ಯಾವುದಾದರೂ ಕಂಡರೆ ಬೇಡ ಅನ್ನಿ. ಡಬ್ಬಿ ತೋರಿಸಲ್ಲ ಅಂದರೆ ಎದ್ದು ಬನ್ನಿ. ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರು ಡಬ್ಬಿಯಲ್ಲಿ ಏನೇ ಬರೆದಿದ್ದರೂ ಹೋಗಬೇಡಿ.