ಪದ ಪರಿಚಯ: ಟಾಕ್ ರೇಡಿಯೋ

2025ರಲ್ಲಿ ಡ್ಯಾನ್ ಬಾಂಜೀನೊ ಅಮೆರಿಕದ ಎಫ್‌ಬಿಐ ಉಪನಿರ್ದೇಶಕರಾದರು. ಅದಕ್ಕೆ ಮುಂಚೆ ಅವರು ಟಾಕ್ ರೇಡಿಯೋ ಹೋಸ್ಟ್. ಅದನ್ನು ಕನ್ನಡಕ್ಕೆ ತಂದು "ರೇಡಿಯೋ ನಿರೂಪಕ" ಅಂತ ಬರೆದರೆ ನಮ್ಮ ಕಣ್ಣ ಮುಂದೆ ಬರೋದು ಯಾರು? ಬೆಳಿಗ್ಗೆ ಎಫ್‌ಎಂನಲ್ಲಿ ಹರಟೆ ಹೊಡೆಯುತ್ತಾ, ಹಾಡು ಹಾಕುತ್ತಾ, ಸಿಲ್ಕ್ ಬೋರ್ಡ್ ಟ್ರಾಫಿಕ್ ಹೇಳುವ ಆರ್‌ಜೆ. ಅಂಥವರನ್ನು ದೇಶದ ದೊಡ್ಡ ತನಿಖಾ ಸಂಸ್ಥೆಯಲ್ಲಿ ಕೂರಿಸುತ್ತಾರಾ ಅಂತ ಯಾರಿಗಾದರೂ ಅನ್ನಿಸುತ್ತದೆ. ಬಾಂಜೀನೊ ಹಿಂದೆ ಪೊಲೀಸ್ ಕೆಲಸ, ಅಧ್ಯಕ್ಷರನ್ನು ಕಾಯುವ ಸೀಕ್ರೆಟ್ ಸರ್ವಿಸ್ ಕೆಲಸ ಎರಡೂ ಮಾಡಿದವರು, ಅದು ನಿಜ. ಆದರೆ ಅವರ ಹೆಸರು ಮನೆಮಾತಾಗಿದ್ದು ಮೈಕಿನ ಮುಂದೆ. 2017ರಲ್ಲಿ ಉಪಾಧ್ಯಕ್ಷರಾದ ಮೈಕ್ ಪೆನ್ಸ್ ಕೂಡ 1990ರ ದಶಕದಲ್ಲಿ ಇಂಡಿಯಾನಾದಲ್ಲಿ ಇದೇ ಕೆಲಸ ಮಾಡುತ್ತಿದ್ದರು.

ಈ ಪದ ನಮಗೆ ಸುಲಭಕ್ಕೆ ದಕ್ಕದಿರುವುದಕ್ಕೆ ಕಾರಣ ಇದೆ. ಪದ ಹೆಸರಿಸುವ ವಸ್ತುವೇ ನಮ್ಮಲ್ಲಿಲ್ಲ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಶುರು ಮಾಡಿದ ಬಾನುಲಿಗೆ "ಆಕಾಶವಾಣಿ" ಅಂತ ಹೆಸರು ಬಂತು. ಮುಂದೆ ಅದೇ ಹೆಸರು ಇಡೀ ದೇಶದ ಸರ್ಕಾರಿ ರೇಡಿಯೋಗೆ ಸಿಕ್ಕಿತು. ಖಾಸಗಿ ಎಫ್‌ಎಂ ಬಂದ ಮೇಲೂ ಅವರು ತಮ್ಮದೇ ಸುದ್ದಿ ತಯಾರಿಸಿ ಓದುವ ಹಾಗಿಲ್ಲ, ಆಕಾಶವಾಣಿಯ ವಾರ್ತೆಯನ್ನೇ ಹಾಕಬೇಕು. ಹಾಗಾಗಿ ರೇಡಿಯೋದಲ್ಲಿ ಒಬ್ಬ ಮನುಷ್ಯ ಕೂತು ದಿನಾ ಮೂರು ಗಂಟೆ ರಾಜಕೀಯ ಮಾತಾಡುವುದನ್ನು ನಾವು ಕೇಳಿಯೇ ಇಲ್ಲ.

ಟಾಕ್ ರೇಡಿಯೋ ಅಂದರೆ ಅದೇ. ಹಾಡಿಲ್ಲ, ನಾಟಕವಿಲ್ಲ, ಪ್ಯಾನೆಲ್ ಚರ್ಚೆಯೂ ಅಪರೂಪ. ಒಂದು ದನಿ, ಒಂದು ಮೈಕು, ಕೆಲವು ಫೋನ್ ಲೈನು. ಎಡಪಂಥದವರೂ ಇದನ್ನು ಮಾಡಿ ನೋಡಿದ್ದಾರೆ. ಏರ್ ಅಮೆರಿಕ ಅಂತ 2004ರಲ್ಲಿ ಒಂದು ಜಾಲ ಶುರುವಾಗಿ 2010ರಲ್ಲಿ ಮುಚ್ಚಿತು. ಗಟ್ಟಿಯಾಗಿ ಬೇರೂರಿದ್ದು ಕನ್ಸರ್ವೇಟಿವ್ ಟಾಕ್ ರೇಡಿಯೋ. ಹೀಗಾಗಿ ಅಮೆರಿಕದಲ್ಲಿ ಸುಮ್ನೆ "ಟಾಕ್ ರೇಡಿಯೋ" ಅಂದರೂ ಬಹಳ ಸಲ ಬಲಪಂಥೀಯ ರೇಡಿಯೋ ಅಂತಲೇ ಅರ್ಥ.

"ಕನ್ಸರ್ವೇಟಿವ್" ಪದಕ್ಕೆ ನಮ್ಮ ಪತ್ರಿಕೆಗಳಲ್ಲಿ "ಸಂಪ್ರದಾಯವಾದಿ" ಅಂತ ಹಾಕುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ಸಂಪ್ರದಾಯವಾದಿ ಅಂದರೆ ನಮಗೆ ಮಡಿ, ಮೈಲಿಗೆ, ಜಾತಕ ನೆನಪಾಗುತ್ತವೆ. ಅಮೆರಿಕದ ಕನ್ಸರ್ವೇಟಿವ್ ಮನಸ್ಸಿನಲ್ಲಿ ಚರ್ಚಿನ ಜೊತೆ ಕಡಿಮೆ ತೆರಿಗೆ, ಚಿಕ್ಕ ಸರ್ಕಾರ, ಬಂದೂಕು ಇಟ್ಟುಕೊಳ್ಳುವ ಹಕ್ಕು, ದೊಡ್ಡ ಸೈನ್ಯ ಎಲ್ಲಾ ಒಟ್ಟಿಗೆ ಕೂತಿವೆ. "ಬಲಪಂಥೀಯ" ಅನ್ನುವುದು ಸ್ವಲ್ಪ ಹತ್ತಿರದ ಪದ.

ಇದನ್ನು ನಾನು ಮೊದಲು ಸರಿಯಾಗಿ ಕೇಳಿದ್ದು ಕ್ಯಾಲಿಫೋರ್ನಿಯಾದಲ್ಲಿ, ತಂಗಿಯ ಮನೆಯಲ್ಲಿ. ಪಕ್ಕದ ಮನೆಯ ಚಾವಣಿ ರಿಪೇರಿ ನಡೆಯುತ್ತಿತ್ತು. ವಯಸ್ಸಾದ ಒಬ್ಬರು, ಒಬ್ಬರೇ ಕೆಲಸ ಮಾಡುತ್ತಿದ್ದರು. ಏಣಿಯ ಪಕ್ಕ ಬಣ್ಣ ಮೆತ್ತಿದ ಒಂದು ಪುಟ್ಟ ರೇಡಿಯೋ. ಬೆಳಿಗ್ಗೆ 9ಕ್ಕೆ ಶುರುವಾದ ದನಿ 12ಕ್ಕೆ ನಿಲ್ಲುತ್ತಿತ್ತು. ಅವರು ಮೊಳೆ ಹೊಡೆಯುತ್ತಾ ಹೊಡೆಯುತ್ತಾ ಆ ದನಿಗೆ ಉತ್ತರ ಕೊಡುತ್ತಿದ್ದರು. ಒಮ್ಮೆ ತಲೆ ಆಡಿಸುತ್ತಿದ್ದರು, ಒಮ್ಮೆ ಜೋರಾಗಿ ನಗುತ್ತಿದ್ದರು, ಒಮ್ಮೆ ಸುತ್ತಿಗೆ ಎತ್ತಿ "ಅದೇ, ಅದೇ" ಅನ್ನುವ ಹಾಗೆ ಗಾಳಿಗೆ ತೋರಿಸುತ್ತಿದ್ದರು. ಇದು ಭಾಷಣ ಕೇಳುವ ರೀತಿ ಅಲ್ಲ, ಜೊತೆಗೆ ಕೂತ ಗೆಳೆಯನ ಮಾತು ಕೇಳುವ ರೀತಿ ಅಂತ ನನಗೆ ಅವತ್ತು ಹೊಳೆಯಿತು. ಲಾರಿ ಓಡಿಸುವವರು, ಹೊಲದಲ್ಲಿ ಟ್ರ್ಯಾಕ್ಟರ್ ಮೇಲೆ ಇರುವವರು, ಅಂಗಡಿಯಲ್ಲಿ ಒಬ್ಬರೇ ಕೂತವರು, ಇಂಥವರ ಹಗಲಿಗೆ ಅದು ಜೊತೆ. ಟಾಕ್ ರೇಡಿಯೋದ ಶಕ್ತಿ ಇರೋದು ಮಾತಿನಲ್ಲಿ ಅನ್ನುವುದಕ್ಕಿಂತ ಆ ಜೊತೆಯಲ್ಲಿ ಅಂತ ನಾನು ನಂಬುತ್ತೇನೆ.

ಈ ಮಾದರಿಗೆ ರೂಪ ಕೊಟ್ಟವರು ರಷ್ ಲಿಂಬಾ. ಮಿಸೌರಿಯ ಕೇಪ್ ಜಿರಾರ್ಡೊ ಊರಿನವರು, 1951ರಲ್ಲಿ ಹುಟ್ಟಿದವರು. 1984ರಲ್ಲಿ ಸ್ಯಾಕ್ರಮೆಂಟೊದ ಒಂದು ಕೇಂದ್ರದಲ್ಲಿ ಹೆಸರು ಮಾಡಿ, 1988ರ ಆಗಸ್ಟ್ 1ರಿಂದ ನ್ಯೂಯಾರ್ಕಿನಿಂದ ದೇಶಕ್ಕೆಲ್ಲಾ ಮಾತಾಡಲು ಶುರು ಮಾಡಿದರು. ಮುಂದೆ ಅವರ ಕಾರ್ಯಕ್ರಮ ಸುಮಾರು 600 ಕೇಂದ್ರಗಳಲ್ಲಿ ಬರುತ್ತಿತ್ತು. ಅವರ ಕೇಳುಗರಿಗೆ "ಡಿಟ್ಟೊಹೆಡ್" ಅಂತ ಅಡ್ಡಹೆಸರು. ಡಿಟ್ಟೊ ನಮಗೂ ಗೊತ್ತಿರುವ ಪದವೇ. "ಮಗು ಡಿಟ್ಟೊ ಅವರಪ್ಪನ ಥರಾನೇ ಇದೆ" ಅನ್ನುತ್ತೇವಲ್ಲ. ಹೋಸ್ಟ್ ಹೇಳಿದ್ದಕ್ಕೆಲ್ಲಾ ತಲೆಯಾಡಿಸುವವರು ಅಂತ ಅರ್ಥ ಮಾಡಿಕೊಂಡು ಜನ ಅದನ್ನು ಬೈಗುಳವಾಗಿ ಬಳಸುತ್ತಾರೆ. ಹುಟ್ಟಿದ್ದು ಹಾಗಲ್ಲ. ಫೋನ್ ಮಾಡಿದವರೆಲ್ಲಾ ಮೊದಲು ಕಾರ್ಯಕ್ರಮವನ್ನು ಉದ್ದಕ್ಕೆ ಹೊಗಳಿ ಆಮೇಲೆ ವಿಷಯಕ್ಕೆ ಬರುತ್ತಿದ್ದರು. ಒಬ್ಬರು ಹೊಗಳಿಕೆ ಉಳಿಸಿ, ಹಿಂದಿನವರು ಹೇಳಿದ್ದಕ್ಕೆ ಡಿಟ್ಟೊ ಅಂದರು. ಸಮಯ ಉಳಿಯಿತು. ಆಮೇಲೆ ಎಲ್ಲರೂ "ಡಿಟ್ಟೊ" ಅಂತಲೇ ಶುರು ಮಾಡಿದರು.

ಫೋನ್ ಮಾಡಿದವರ ಮಾತು ನೇರ ಗಾಳಿಗೆ ಹೋಗುವುದಿಲ್ಲ. ಮಧ್ಯೆ ಕಾಲ್ ಸ್ಕ್ರೀನರ್ ಇರುತ್ತಾರೆ. ಕರೆ ಎತ್ತಿಕೊಂಡು, ಯಾವ ಊರು, ಏನು ವಿಷಯ ಅಂತ ಕೇಳಿ, ಹೋಸ್ಟ್ ಮುಂದಿನ ಪರದೆಗೆ ಕಳಿಸುತ್ತಾರೆ. ಯಾರನ್ನು ತೆಗೆದುಕೊಳ್ಳಬೇಕು, ಯಾವಾಗ ಬಿಡಬೇಕು ಅನ್ನುವುದು ಹೋಸ್ಟ್ ಕೈಯಲ್ಲಿ. ಮೂರು ಗಂಟೆಯಲ್ಲಿ ಜಾಸ್ತಿ ಪಾಲು ಹೋಸ್ಟ್ ಮಾತೇ. ಜನರ ದನಿ ಅಂತ ಕೇಳಿಸುವುದು ಆರಿಸಿಕೊಂಡ ದನಿ, ಇದು ಕೇಳುವವರಿಗೆ ನೆನಪಿರಬೇಕು.

ಇದೆಲ್ಲಾ 1988ರಲ್ಲೇ ಯಾಕೆ ಶುರುವಾಯಿತು? ಎಲ್ಲರೂ ಹೇಳುವ ಉತ್ತರ ಫೇರ್‌ನೆಸ್ ಡಾಕ್ಟ್ರಿನ್. 1949ರಿಂದ ಅಮೆರಿಕದಲ್ಲಿ ಈ ನಿಯಮ ಇತ್ತು. ರೇಡಿಯೋ, ಟಿವಿ ಕೇಂದ್ರಗಳು ವಿವಾದದ ವಿಷಯಗಳನ್ನು ಎತ್ತಿಕೊಳ್ಳಬೇಕು, ಎತ್ತಿಕೊಂಡಾಗ ಬೇರೆ ಅಭಿಪ್ರಾಯಗಳಿಗೂ ಜಾಗ ಕೊಡಬೇಕು ಅಂತ. ಗಡಿಯಾರ ಹಿಡಿದು ಇಬ್ಬರಿಗೂ ಸಮ ಸಮಯ ಕೊಡಿ ಅಂತ ಅದು ಹೇಳಿರಲಿಲ್ಲ. ಪೆನ್ಸಿಲ್ವೇನಿಯಾದ ರೆಡ್ ಲಯನ್ ಅನ್ನುವ ಸಣ್ಣ ಊರಿನ ಕೇಂದ್ರದಲ್ಲಿ 1964ರಲ್ಲಿ ಒಬ್ಬ ಪಾದ್ರಿ ಫ್ರೆಡ್ ಕುಕ್ ಎಂಬ ಪತ್ರಕರ್ತರ ಮೇಲೆ ಹರಿಹಾಯ್ದರು. ಕುಕ್ ಉತ್ತರ ಕೊಡಲು ಸಮಯ ಕೇಳಿದರು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1969ರಲ್ಲಿ ಕೋರ್ಟ್ ನಿಯಮವನ್ನು ಎತ್ತಿ ಹಿಡಿಯಿತು. ಪ್ರಸಾರ ಮಾಡುವವರ ಹಕ್ಕಿಗಿಂತ ಕೇಳುವವರ ಹಕ್ಕು ದೊಡ್ಡದು ಅಂದಿತು. ಆ ಮಾತು ನನಗೆ ಇವತ್ತಿಗೂ ಹಿಡಿಸುತ್ತದೆ. 1987ರಲ್ಲಿ ಎಫ್‌ಸಿಸಿ, ಅಂದರೆ ರೇಡಿಯೋ, ಟಿವಿಗೆ ನಿಯಮ ಮಾಡುವ ಸರ್ಕಾರಿ ಆಯೋಗ, ಈ ನಿಯಮ ಕೈಬಿಟ್ಟಿತು. ಸಂಸತ್ತು ಅದನ್ನು ಕಾನೂನು ಮಾಡಿ ಉಳಿಸಲು ನೋಡಿದಾಗ ಅಧ್ಯಕ್ಷ ರೇಗನ್ ವೀಟೊ ಹಾಕಿದ್ದರು.

ಮರುವರ್ಷವೇ ಲಿಂಬಾ ಬಂದರು. ಹಾಗಂತ ನಿಯಮ ಹೋಗಿದ್ದಕ್ಕೇ ಟಾಕ್ ರೇಡಿಯೋ ಹುಟ್ಟಿತು ಅಂದರೆ ಅರ್ಧ ಕತೆ. ಕೆರೆ ಆಗಲೇ ತುಂಬಿತ್ತು, ತೂಬು ತೆಗೆದರು ಅಷ್ಟೇ. ಎಎಂ ಅಂದರೆ ನಮ್ಮ ಹಳೇ ರೇಡಿಯೋದ ಮೀಡಿಯಂ ವೇವ್, ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಬರುವ ಪಟ್ಟಿ. ಅದರಲ್ಲಿ ಹಾಡು ಗರಗರ ಅನ್ನುತ್ತದೆ, ಮಾತು ಚೆನ್ನಾಗಿ ಕೇಳುತ್ತದೆ. 1970, 80ರ ದಶಕದಲ್ಲಿ ಹಾಡು ಕೇಳುವವರೆಲ್ಲಾ ಎಫ್‌ಎಂಗೆ ಹೋದರು. ಎಎಂ ಕೇಂದ್ರಗಳ ಹೊಟ್ಟೆಪಾಡಿಗೆ ಏನಾದರೂ ಬೇಕಿತ್ತು. ಆಗ ಉಪಗ್ರಹದಿಂದ ಒಂದೇ ಕಾರ್ಯಕ್ರಮವನ್ನು ನೂರಾರು ಕೇಂದ್ರಗಳಿಗೆ ಕಳಿಸುವುದು ಅಗ್ಗವಾಯಿತು. ಲಿಂಬಾ ಕಾರ್ಯಕ್ರಮವನ್ನು ಕೇಂದ್ರಗಳಿಗೆ ಬಿಟ್ಟಿಯಾಗೇ ಕೊಟ್ಟರು. ಬದಲಿಗೆ ಗಂಟೆಗೆ ಕೆಲವು ನಿಮಿಷದ ಜಾಹೀರಾತು ಕಾರ್ಯಕ್ರಮದ ಕಂಪನಿಯದು, ಉಳಿದದ್ದು ಕೇಂದ್ರದ್ದು. ಊರಿನ ನಿರೂಪಕರಿಗೆ ಸಂಬಳ ಕೊಡುವುದಕ್ಕಿಂತ ಇದು ಎಷ್ಟೋ ಮೇಲು. 1996ರ ಟೆಲಿಕಾಂ ಕಾಯ್ದೆ ಒಂದು ಕಂಪನಿ ಎಷ್ಟು ಕೇಂದ್ರ ಇಟ್ಟುಕೊಳ್ಳಬಹುದು ಅನ್ನುವ ದೇಶಮಟ್ಟದ ಮಿತಿಯನ್ನು ತೆಗೆಯಿತು. ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿ ಮುಂದೆ ಸಾವಿರಕ್ಕೂ ಜಾಸ್ತಿ ಕೇಂದ್ರಗಳ ಯಜಮಾನ ಆಯಿತು. ಊರೂರಿನ ಸ್ಥಳೀಯ ದನಿ ಹೋಗಿ ಒಂದೇ ದನಿ ಎಲ್ಲಾ ಕಡೆ ಕೇಳಿಸತೊಡಗಿತು. ನನಗೆ ಬೇಸರ ಆಗುವುದು ಈ ಜಾಗದಲ್ಲಿ.

ಈ ಕಾರ್ಯಕ್ರಮಗಳಲ್ಲಿ "ಮೀಡಿಯಾ" ಅಂದರೆ ಯಾವಾಗಲೂ ಬೇರೆಯವರು. ಕೋಟಿಗಟ್ಟಲೆ ಜನ ಕೇಳುವ ರೇಡಿಯೋ ತಾನು ಮಾಧ್ಯಮ ಅಂತ ಹೇಳಿಕೊಳ್ಳುವುದಿಲ್ಲ. ಮೀಡಿಯಾ ಅಂದರೆ ನ್ಯೂಯಾರ್ಕಿನ ಪತ್ರಿಕೆ, ದೊಡ್ಡ ಟಿವಿ ಜಾಲ. ಇಂಥವರಿಗೆ ಲಿಂಬಾ ಇಟ್ಟ ಹೆಸರು "ಡ್ರೈವ್-ಬೈ ಮೀಡಿಯಾ". ಕಾರಿನಲ್ಲಿ ಹೋಗ್ತಾ ಗುಂಡು ಹಾರಿಸಿ, ಬಿದ್ದವರನ್ನು ತಿರುಗಿಯೂ ನೋಡದೆ ಮುಂದಿನ ಬೀದಿಗೆ ಹೋಗುವವರು ಅಂತ. ದೊಡ್ಡ ಪತ್ರಿಕೆಗಳಲ್ಲಿ ತಮ್ಮ ಊರು, ತಮ್ಮ ಚರ್ಚು, ತಮ್ಮ ಕಷ್ಟ ಕಾಣಿಸುತ್ತಿಲ್ಲ ಅಂತ ಲಕ್ಷಾಂತರ ಜನಕ್ಕೆ ನಿಜವಾಗಿಯೂ ಅನ್ನಿಸಿತ್ತು. ಆ ನೋವನ್ನು ಸುಳ್ಳು ಅನ್ನಲಾಗದು. ಆದರೆ ತಮ್ಮವರು ಬಿಟ್ಟು ಬೇರೆ ಯಾರ ಸುದ್ದಿಯನ್ನೂ ನಂಬಬೇಡಿ ಅಂತ ಮೂವತ್ತು ವರ್ಷ ದಿನಾ ಹೇಳಿದರೆ, ನಿಜ ತಿಳಿಸಲು ಬಂದವರಿಗೂ ಬಾಗಿಲು ತೆಗೆಯುವವರು ಇರುವುದಿಲ್ಲ.

ಜೊತೆಗೆ ಬರುವ ಇನ್ನೊಂದು ಪದ "ಕಲ್ಚರ್ ವಾರ್". ಸಮಾಜಶಾಸ್ತ್ರಜ್ಞ ಜೇಮ್ಸ್ ಡೇವಿಸನ್ ಹಂಟರ್ 1991ರಲ್ಲಿ ಈ ಹೆಸರಿನಲ್ಲಿ ಪುಸ್ತಕ ಬರೆದರು. ಮರುವರ್ಷ ಹ್ಯೂಸ್ಟನ್‌ನಲ್ಲಿ ಬಲಪಂಥದ ರಿಪಬ್ಲಿಕನ್ ಪಕ್ಷದ ಸಮಾವೇಶದ ವೇದಿಕೆಯಿಂದ ಆ ಪಕ್ಷದ ಪ್ಯಾಟ್ ಬುಕಾನನ್ ಇದು ಅಮೆರಿಕದ ಆತ್ಮಕ್ಕಾಗಿ ನಡೆಯುವ ಯುದ್ಧ ಅಂದರು. ಗರ್ಭಪಾತ, ಶಾಲೆಯ ಪ್ರಾರ್ಥನೆ, ಬಂದೂಕು, ಸಲಿಂಗಿಗಳ ಹಕ್ಕು ಇವು ಅದರ ಕಣ. ಡಿಸೆಂಬರಿನಲ್ಲಿ ಅಂಗಡಿಯ ಹುಡುಗಿ "ಮೆರಿ ಕ್ರಿಸ್‌ಮಸ್" ಬದಲು "ಹ್ಯಾಪಿ ಹಾಲಿಡೇಸ್" ಅಂದರೆ ಅದೂ ಮಾತಿನ ವಿಷಯ. ಕನ್ನಡದಲ್ಲಿ "ಸಂಸ್ಕೃತಿ ಸಮರ" ಅನ್ನಬಹುದು. ತೆರಿಗೆ ವಿಷಯದಲ್ಲಿ ಚೌಕಾಸಿ ಮಾಡಿ ನಡುವೆ ಎಲ್ಲೋ ಒಂದು ಕಡೆ ಬಂದು ನಿಲ್ಲಬಹುದು. ನಮ್ಮ ಬದುಕುವ ರೀತಿಯೇ ಹೋಗುತ್ತಿದೆ ಅಂದಾಗ ಚೌಕಾಸಿ ಮಾಡಿದವನು ದ್ರೋಹಿಯಾಗುತ್ತಾನೆ. ಈ ಬಿಸಿಯಲ್ಲೇ 2012ರಲ್ಲಿ ಲಿಂಬಾ ಒಬ್ಬ ಕಾನೂನು ವಿದ್ಯಾರ್ಥಿನಿಯನ್ನು, ಆಕೆ ಗರ್ಭನಿರೋಧಕಗಳಿಗೆ ವಿಮೆ ಬೇಕು ಅಂದಿದ್ದಕ್ಕೆ, ಹೇಳಬಾರದ ಮಾತಿನಲ್ಲಿ ಹಂಗಿಸಿದರು. ಜಾಹೀರಾತು ಕೊಡುವವರು ಬಿಟ್ಟು ಹೋದರು, ಅವರು ಕ್ಷಮೆ ಕೇಳಬೇಕಾಯಿತು.

ವಿದೇಶಾಂಗ ನೀತಿಯೂ ಈ ರೇಡಿಯೋದಲ್ಲಿ ಮನೆ ಜಗಳವಾಗೇ ಬರುತ್ತದೆ. ಇದಕ್ಕೆ ನನಗೆ ಕಾಣುವ ಒಳ್ಳೆಯ ಉದಾಹರಣೆ 2006ರದ್ದು. ದುಬೈ ಪೋರ್ಟ್ಸ್ ವರ್ಲ್ಡ್ ಕಂಪನಿ ಬ್ರಿಟನ್ನಿನ ಪಿ ಅಂಡ್ ಓ ಕಂಪನಿಯನ್ನು ಕೊಂಡಿತು. ಅದರ ಜೊತೆ ನ್ಯೂಯಾರ್ಕ್, ಮಯಾಮಿ, ಬಾಲ್ಟಿಮೋರ್ ಮೊದಲಾದ ಬಂದರುಗಳ ಟರ್ಮಿನಲ್ ನಡೆಸುವ ಕೆಲಸವೂ ಕೈಗೆ ಬಂತು. ನಮ್ಮ ಕೊಚ್ಚಿಯ ವಲ್ಲಾರ್‌ಪಾಡಂ ಟರ್ಮಿನಲ್ ನಡೆಸುವುದೂ ಇದೇ ಕಂಪನಿ. ಅಧ್ಯಕ್ಷ ಬುಷ್ ಒಪ್ಪಿಗೆ ಕೊಟ್ಟರು, ಅಡ್ಡ ಬಂದರೆ ವೀಟೊ ಹಾಕುತ್ತೇನೆ ಅಂದರು. ಅವರು ರಿಪಬ್ಲಿಕನ್, ರೇಡಿಯೋದವರ ಮನುಷ್ಯ. ಆದರೂ ಮೈಕೆಲ್ ಸ್ಯಾವೇಜ್‌ರಂಥ ಹೋಸ್ಟ್‌ಗಳು ದಿನಾ ಇದನ್ನೇ ಹಿಡಿದರು. ನಮ್ಮ ಬಂದರನ್ನು ಅರಬ್ಬರ ಕೈಗೆ ಕೊಡ್ತೀರಾ ಅನ್ನುವುದೇ ಪ್ರಶ್ನೆ. ಭದ್ರತೆ ನೋಡಿಕೊಳ್ಳುವುದು ಅಮೆರಿಕದ ಕರಾವಳಿ ಕಾವಲು ಪಡೆಯೇ ಅನ್ನುವ ಮಾತು ಆ ಗದ್ದಲದಲ್ಲಿ ಮುಳುಗಿತು. ಡೆಮಾಕ್ರಟರೂ ವಿರೋಧಕ್ಕೆ ಸೇರಿಕೊಂಡರು. ಮಾರ್ಚಿನಲ್ಲಿ ಕೆಳಮನೆಯ ಸಮಿತಿ 62–2 ಮತದಿಂದ ಬೇಡ ಅಂದಿತು. ಮರುದಿನ ಕಂಪನಿಯೇ ಹಿಂದೆ ಸರಿಯಿತು. ವಿಶೇಷ ಅಂದರೆ, ಲಿಂಬಾ ಈ ಗದ್ದಲಕ್ಕೆ ಸೇರಲಿಲ್ಲ. ಎಲ್ಲರೂ ಒಂದೇ ಬಾಯಲ್ಲಿ ಮಾತಾಡುತ್ತಾರೆ ಅಂತ ತಿಳಿಯುವುದು ಹೊರಗಿನವರ ತಪ್ಪು.

ಮರುವರ್ಷ ವಲಸೆ ಮಸೂದೆಯಲ್ಲೂ ಹೀಗೇ ಆಯಿತು. ದಾಖಲೆ ಇಲ್ಲದ ವಲಸಿಗರಿಗೂ ದೇಶದಲ್ಲಿ ಉಳಿಯಲು ದಾರಿ ಕೊಡುವ, ಬುಷ್ ಬೆಂಬಲಿಸಿದ ಮಸೂದೆ 2007ರ ಜೂನ್‌ನಲ್ಲಿ ಮೇಲ್ಮನೆಯಾದ ಸೆನೆಟ್‌ನಲ್ಲಿ ಬಿತ್ತು. 60 ಮತ ಬೇಕಿತ್ತು, ಸಿಕ್ಕಿದ್ದು 46. ಆ ದಿನ ಕರೆಗಳ ಭಾರಕ್ಕೆ ಸೆನೆಟ್‌ನ ಫೋನ್ ವ್ಯವಸ್ಥೆಯೇ ಕೆಟ್ಟಿತು. ಅದೇ ಪಕ್ಷದ ಸೆನೆಟರ್ ಟ್ರೆಂಟ್ ಲಾಟ್ ಬೇಸತ್ತು, ಅಮೆರಿಕವನ್ನು ಟಾಕ್ ರೇಡಿಯೋ ನಡೆಸುತ್ತಿದೆ ಅಂದಿದ್ದರು. 2025ರ ಜೂನ್‌ನಲ್ಲಿ ಇರಾನಿನ ಅಣು ಘಟಕಗಳ ಮೇಲೆ ದಾಳಿ ಮಾಡಬೇಕೋ ಬೇಡವೋ ಅಂತ ಇದೇ ಬಳಗ ಎರಡಾಯಿತು. ರೇಡಿಯೋದ ಮಾರ್ಕ್ ಲೆವಿನ್ ಮಾಡಲೇಬೇಕು ಅಂದರು. ಹಿಂದೆ ಟಿವಿ ಹೋಸ್ಟ್ ಆಗಿದ್ದ ಟಕರ್ ಕಾರ್ಲ್‌ಸನ್, ಹಿಂದೆ ಟ್ರಂಪ್ ಸಲಹೆಗಾರರಾಗಿದ್ದ ಸ್ಟೀವ್ ಬ್ಯಾನನ್ ನಮಗೆ ಇನ್ನೊಂದು ಯುದ್ಧ ಯಾಕೆ ಅಂದರು.

ಬ್ಯಾನನ್ ಹೆಸರು ನಮ್ಮವರಿಗೆ ಬೇರೆ ಕಾರಣಕ್ಕೂ ಗೊತ್ತು. 2024ರ ಡಿಸೆಂಬರಿನಲ್ಲಿ ಎಚ್-1ಬಿ ವೀಸಾ ಬೇಕಾ ಬೇಡವಾ ಅಂತ ಟ್ರಂಪ್ ಬೆಂಬಲಿಗರಲ್ಲೇ ಕಿತ್ತಾಟ ನಡೆದಾಗ ಅವರು ಆ ವೀಸಾ ರದ್ದಾಗಬೇಕು ಅನ್ನುವ ಕಡೆ ಇದ್ದರು. ಎಚ್-1ಬಿ ಪಡೆಯುವವರಲ್ಲಿ 70 ಶೇಕಡಕ್ಕೂ ಜಾಸ್ತಿ ಭಾರತೀಯರು. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಅಂತ ಘೋಷಣೆ ಬಂದಾಗ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅದು ಸಿಡಿಲಿನ ಹಾಗೆ ಬಂತು.

ಲಿಂಬಾ 2021ರ ಫೆಬ್ರವರಿಯಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಅದಕ್ಕೆ ಒಂದು ವರ್ಷ ಮುಂಚೆ ಅಧ್ಯಕ್ಷರ ವಾರ್ಷಿಕ ಭಾಷಣದ ನಡುವೆಯೇ ಅವರ ಕೊರಳಿಗೆ ದೇಶದ ಅತ್ಯುನ್ನತ ನಾಗರಿಕ ಪದಕ ಹಾಕಿದ್ದರು. ಅರ್ಧ ಸಭೆ ಎದ್ದು ಚಪ್ಪಾಳೆ ಹೊಡೆಯಿತು, ಇನ್ನರ್ಧ ಕೂತೇ ಇತ್ತು. ಈಗ ಅವರ ಥರದ ಮಾತು ಪಾಡ್‌ಕಾಸ್ಟ್‌ನಲ್ಲಿ, ಯೂಟ್ಯೂಬ್‌ನಲ್ಲಿ ಬರುತ್ತದೆ. ಎಎಂ ಮಾತ್ರ ಸೊರಗುತ್ತಿದೆ. ಎಲೆಕ್ಟ್ರಿಕ್ ಕಾರಿನ ಮೋಟರು ಎಎಂಗೆ ತೊಂದರೆ ಕೊಡುತ್ತದೆ ಅಂತ ಹಲವು ಕಂಪನಿಗಳು ರೇಡಿಯೋದಿಂದ ಅದನ್ನು ತೆಗೆದವು. ಎಎಂ ಎಲ್ಲಾ ಕಾರಿನಲ್ಲೂ ಇರಬೇಕು ಅನ್ನುವ ಮಸೂದೆಗೆ ಎಂದೂ ಒಂದಾಗದ ಡೆಮಾಕ್ರಟ್ ಎಡ್ ಮಾರ್ಕಿ, ರಿಪಬ್ಲಿಕನ್ ಟೆಡ್ ಕ್ರೂಜ್ ಒಟ್ಟಿಗೆ ಸಹಿ ಹಾಕಿದ್ದಾರೆ.

ತಂಗಿಯ ಹೊಸ ಕಾರಿನಲ್ಲೂ ಎಎಂ ಇಲ್ಲ. ಅವಳು ಫೋನಿನಲ್ಲಿ ಕೇಳುತ್ತಾಳೆ. ಈ ಹೋಸ್ಟ್‌ಗಳ ಮಾತು ಅವಳಿಗೆ ಜಾಸ್ತಿ ಒಪ್ಪಿಗೆಯಾಗುವುದಿಲ್ಲ. ಮತ್ತೆ ಯಾಕೆ ಕೇಳ್ತೀಯೇ ಅಂದೆ. "ಪಕ್ಕದ ಮನೆಯವರು ಬೆಳಿಗ್ಗೆಯಿಂದ ಏನು ಕೇಳಿಸಿಕೊಂಡಿದ್ದಾರೆ ಅಂತ ನನಗೂ ಗೊತ್ತಿರಬೇಕಲ್ವಾ ಅಕ್ಕ" ಅಂದಳು.